ಕಜಾನ್ ಹುಡುಗಿಯ ಜೊತೆ ಪೀಣ್ಯ, ಬೊಮ್ಮಸಂದ್ರ

ಎಲೆಕ್ಟ್ರಾನಿಕ್ ಸಿಟಿಯಲ್ಲಿರುವವರಿಗೆ ಕನ್ನಡ ಕಲಿಯುವ ಆಸೆಯಿದ್ದರೆ ಪೀಣ್ಯಕ್ಕೆ ಬರಬೇಕು. ತಮಾಷೆಗೆ ಹೇಳುತ್ತಿಲ್ಲ. ರಷ್ಯಾದ ಕಜಾನ್‌ನಿಂದ ಒಂದು ಸೆಮಿಸ್ಟರ್ ಓದಲು ಬಂದಿರುವ ಹುಡುಗಿಯೊಬ್ಬಳು ನನಗೆ ರಷ್ಯನ್ ಹೇಳಿಕೊಡುತ್ತಾಳೆ, ನಾನು ಅವಳಿಗೆ ಕನ್ನಡ. ಅವಳದು ಒಂದೇ ದೂರು: ಎಲೆಕ್ಟ್ರಾನಿಕ್ ಸಿಟಿಯ ಅವಳ ಹಾಸ್ಟೆಲ್ ಪಕ್ಕದ ಅಂಗಡಿಯಲ್ಲಿ ‘ಎಷ್ಟು?’ ಎಂದು ಕೇಳಿದರೆ ‘ಫಿಫ್ಟಿ ರುಪೀಸ್ ಮ್ಯಾಮ್’ ಎನ್ನುತ್ತಾರೆ. ಮತ್ತೆ ಕೇಳಿದರೆ ಹಿಂದಿಗೆ ಹೊರಳುತ್ತಾರೆ. ಕನ್ನಡ ಮಾತ್ರ ಬರುವುದಿಲ್ಲ. ಹಾಗಾಗಿ ಒಂದು ಶನಿವಾರ ಬೆಳಿಗ್ಗೆ ಪೀಣ್ಯಕ್ಕೆ ಬಾ ಎಂದೆ.

ಶನಿವಾರವೂ ಇಲ್ಲಿ ಶಿಫ್ಟ್ ಇರುತ್ತದೆ. ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದು ತುಮಕೂರು ರಸ್ತೆ ಬಿಟ್ಟು ಒಳಗಿನ ಕ್ರಾಸಿಗೆ ಹೊರಳಿದರೆ ಕಟಿಂಗ್ ಆಯಿಲ್ ವಾಸನೆ, ಲೇತ್‌ಗಳ ಕಿರ್ರೆನ್ನುವ ಸದ್ದು. ಪ್ರತಿ ಎರಡನೇ ಗೇಟಿಗೂ ಒಂದು ಬೋರ್ಡು: ‘ಬೇಕಾಗಿದ್ದಾರೆ – ಸಿಎನ್‌ಸಿ ಆಪರೇಟರ್, ಹೆಲ್ಪರ್’. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ದ್ದಾ’ದ ಒತ್ತಿನ ಹತ್ತಿರ ನಿಂತು, ಬೆರಳಲ್ಲಿ ಗಾಳಿಯಲ್ಲಿ ಬರೆದು ನೋಡಿ, ಮುಂದೆ ಹೋದಳು. ಗೇಟಿನ ವಾಚ್‌ಮನ್ ಅವಳನ್ನು ಕೆಲಸ ಕೇಳಲು ಬಂದವಳೆಂದುಕೊಂಡನೋ ಏನೋ, ಆಫೀಸಿನ ಕಡೆ ಕೈ ತೋರಿಸಿದ.

ದರ್ಶಿನಿಯಲ್ಲಿ ‘ಅಣ್ಣಾ, ಒಂದು ಬೈಟು ಕಾಫಿ ಕೊಡಿ’ ಎಂದಳು. ಕೌಂಟರಿನವರು ಹಾಸನದ ಕಡೆಯವರು. ‘ಯಾವೂರಮ್ಮ ನಿಂದು?’ ಎಂದು ಶುರು ಮಾಡಿದವರು ಕಜಾನ್‌ನಲ್ಲಿ ಮಳೆ ಹೇಗೆ, ಅಪ್ಪ ಅಮ್ಮ ಏನು ಮಾಡುತ್ತಾರೆ, ಇಲ್ಲಿ ಊಟ ಸೇರುತ್ತಾ ಎಂಬಲ್ಲಿಗೆ ಬಂದು ನಿಂತರು. ತಟ್ಟೆ ಇಡ್ಲಿ ಹಿಡಿದಿದ್ದ ಗದಗಿನ ಫಿಟ್ಟರ್ ಒಬ್ಬರು ‘ಬರ್ರಿ, ಇಲ್ಲಿ ನಿಂದರ್ರಿ’ ಎಂದು ಜಾಗ ಬಿಟ್ಟುಕೊಟ್ಟರು. ಯಾರೂ ಅವಳ ತಪ್ಪಿಗೆ ನಗಲಿಲ್ಲ, ಇಂಗ್ಲಿಷಿಗೂ ಹೋಗಲಿಲ್ಲ. ಬಂದರೆ ತಾನೇ ಹೋಗುವುದು, ಎನ್ನಬಹುದು. ಅದೂ ನಿಜವೇ. ಆದರೆ ಕಲಿಯುವವಳಿಗೆ ಅದೇ ವರ.

ಅವಳ ಅಜ್ಜಿ ತಾತಾರ್ ಮಾತಾಡುವವರು. ಶಾಲೆ, ಆಫೀಸು, ಸಿಟಿ ಬಸ್ಸೆಲ್ಲ ಹೆಚ್ಚಾಗಿ ರಷ್ಯನ್‌ನಲ್ಲಿ. ತಾತಾರ್ ಅಜ್ಜಿಯ ಅಡುಗೆಮನೆಯಲ್ಲಿ. ಕನ್ನಡದ ವ್ಯಾಕರಣ ಅವಳಿಗೆ ಸಲೀಸಾದದ್ದು ಆ ಅಡುಗೆಮನೆಯಿಂದ. ನಾವು ಮನೆಗೆ ‘ಗಳು’, ‘ಅಲ್ಲಿ’ ಸೇರಿಸಿ ‘ಮನೆಗಳಲ್ಲಿ’ ಎಂದಂತೆ ಅವರು ‘ಒಯ್’ಗೆ ‘ಲೆರ್’, ‘ದೆ’ ಸೇರಿಸಿ ‘ಒಯ್‌ಲೆರ್‌ದೆ’ ಎನ್ನುತ್ತಾರೆ. ನನಗೂ ರಷ್ಯನ್ ಅಷ್ಟೇನೂ ಪರಕೀಯವಾಗಿ ಕಾಣಲಿಲ್ಲ. ‘ನನಗೆ ಚಳಿ’ ಎಂದು ನಾವು ಹೇಳುವ ಹಾಗೆಯೇ ಅಲ್ಲೂ ‘ಮ್ನೆ ಖೋಲೊದ್ನ’. ಕಷ್ಟವೆಲ್ಲ ಉಚ್ಚಾರದಲ್ಲಿ. ಅವಳ ಬಾಯಲ್ಲಿ ತ, ಟ ಎರಡೂ ಒಂದೇ. ಅವರ ಗಂಟಲಾಳದ ‘ಇ’ ನನಗೆ ಇನ್ನೂ ದಕ್ಕಿಲ್ಲ.

ಪೀಣ್ಯದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ ಆರ್.ವಿ. ರಸ್ತೆವರೆಗೆ ಕೂತೆವು. ಪ್ರಕಟಣೆ ಮೊದಲು ಕನ್ನಡ, ಆಮೇಲೆ ಇಂಗ್ಲಿಷ್. ನಗರಕ್ಕೆ ಸಾವಿರ ವರ್ಷ ತುಂಬಿತೆಂದು 2005ರ ಆಗಸ್ಟ್‌ನಲ್ಲಿ ಶುರುವಾದ ಕಜಾನ್ ಮೆಟ್ರೊದಲ್ಲಿ ರಷ್ಯನ್ ಜೊತೆ ತಾತಾರ್ ಕೂಡ ಕೇಳುತ್ತದಂತೆ. 2017ರಲ್ಲಿ ನಮ್ಮ ಮೆಟ್ರೊ ಬೋರ್ಡುಗಳ ಹಿಂದಿ ವಿರುದ್ಧ ಇಲ್ಲಿ ಗಲಾಟೆ ಎದ್ದು, ಆ ಅಕ್ಷರಗಳು ಹೋದ ಕಥೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದೇ 2017ರ ಕೊನೆಗೆ ಕಜಾನ್ ಇರುವ ತಾತಾರ್‌ಸ್ತಾನದ ಶಾಲೆಗಳಲ್ಲಿ ತಾತಾರ್ ಕಡ್ಡಾಯ ಹೋಯಿತು ಎಂದಳು. ಮನೆಯವರು ಒಪ್ಪಿ ಬರೆದುಕೊಟ್ಟರೆ ಮಾತ್ರ ವಾರಕ್ಕೆ 2 ಗಂಟೆ. ‘ನನ್ನ ತಮ್ಮ ಓದಲೇ ಇಲ್ಲ’ ಎಂದಳು. ಮೆಟ್ರೊದಲ್ಲಿ ಕೇಳುವ ಭಾಷೆ ಶಾಲೆಯಲ್ಲಿ ಇಲ್ಲವಾಗಬಹುದು ಎಂಬುದು ನನಗೆ ಹೊಸದು.

ಆರ್.ವಿ. ರಸ್ತೆಯಿಂದ ಹಳದಿ ಮಾರ್ಗ: 19 ಕಿಲೋಮೀಟರ್, 16 ನಿಲ್ದಾಣ, 2025ರ ಆಗಸ್ಟ್ 10ಕ್ಕೆ ಉದ್ಘಾಟನೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕನ್ನು ಮೇಲಿನಿಂದ ನೋಡುತ್ತ ಹೋಗುವ ಸುಖವೇ ಬೇರೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ 1978ರ ಸುಮಾರಿಗೆ ಎಲೆಕ್ಟ್ರಾನಿಕ್ ಸಿಟಿ ಕಟ್ಟಹೊರಟವರು ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ. ಅಗ್ರಹಾರದ ಹೆಸರು ಈಗ ಪ್ರಾಯೋಜಕರ ಹೆಸರಿಗೆ ಅಂಟಿಕೊಂಡು ನಿಲ್ದಾಣದ ಫಲಕದಲ್ಲಿ ಉಳಿದಿದೆ. ಗಾಡಿಯಲ್ಲಿ ಎಲ್ಲರ ಕಿವಿಯಲ್ಲೂ ಇಯರ್‌ಫೋನ್.

ಬೊಮ್ಮಸಂದ್ರದಲ್ಲಿ ಇಳಿದರೆ ಮತ್ತೆ ಕಾರ್ಖಾನೆ, ಮತ್ತೆ ಶಿಫ್ಟಿನ ಜನ. ಎಳನೀರಿನವನ ಹತ್ತಿರ ಅವಳು ‘ಗಂಜಿ ಇರೋದು ಕೊಡಿ’ ಎಂದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವನು ‘ಟೆಂಡರ್, ಮ್ಯಾಡಮ್? ಸಿಕ್ಸ್ಟಿ’ ಎಂದ. ‘ಅರವತ್ತಾ?’ ಎಂದು ಅವಳು ಬಿಡದೆ ಕೇಳಿದ ಮೇಲೆ ನಕ್ಕು, ಕನ್ನಡಕ್ಕೆ ಬಂದ.

15ನೇ ಶತಮಾನದಲ್ಲಿ ಬೀದರ್‌ಗೆ ಬಂದ ತ್ವೇರ್ ಊರಿನ ವ್ಯಾಪಾರಿ ಅಫಾನಾಸಿ ನಿಕಿತಿನ್ ಕೂಡ ವೋಲ್ಗಾ ಹಿಡಿದು ಕಜಾನ್ ದಾಟಿಯೇ ಹೊರಟವನು. ದಾರಿಯಲ್ಲಿ ಕಿವಿಗೆ ಬಿದ್ದ ತುರ್ಕಿ, ಪಾರ್ಸಿ ಮಾತುಗಳನ್ನು ತನ್ನ ಬರಹದಲ್ಲಿ ಧಾರಾಳವಾಗಿ ಬೆರೆಸಿದ. ಅವನೊಡನೆ ಜನ ಮಾತಾಡಿದರು, ಅವನು ಕಲಿತ. ನಿಮ್ಮ ಅಂಗಡಿಗೋ ಆಫೀಸಿಗೋ ಬಂದವರು ಹರಕು ಮುರುಕು ಕನ್ನಡದಲ್ಲಿ ಏನಾದರೂ ಕೇಳಿದರೆ ದಯವಿಟ್ಟು ಇಂಗ್ಲಿಷಿನಲ್ಲಿ ಉಪಕಾರ ಮಾಡಬೇಡಿ. ಕನ್ನಡದಲ್ಲೇ ಉತ್ತರ ಕೊಡಿ, ನಿಧಾನವಾಗಿ.