ಖಾಲಿ ಹೊಟ್ಟೆಯ ಸಾಧು

ಹುಲ್ಲು ಸುತ್ತಿ ಕಟ್ಟುವ ಹಳೆಯ ಬೇಲರ್ ನೋಡಹೋದವರು ಮೊದಲು ಮಾಡೆಲ್ ಯಾವ ವರ್ಷದ್ದೆಂದು ಕೇಳುತ್ತಾರೆ. ನಾನು ಕೇಳುವುದು, ಈವರೆಗೆ ಅದು ಎಲ್ಲಿಯ ಹುಲ್ಲು ತಿಂದಿದೆ ಎಂದು. ಗಂಗಾವತಿ, ದಾವಣಗೆರೆ ಕಡೆಯ ಅಗಲ ಗದ್ದೆಗಳಲ್ಲಿ ಆರಾಮಾಗಿ ಓಡಾಡಿದ್ದಕ್ಕೆ ಬ್ರಹ್ಮಾವರದಿಂದ ಬೈಂದೂರಿನವರೆಗಿನ ನಮ್ಮ ಬೈಲು ಒಗ್ಗುವುದು ಸುಲಭವಲ್ಲ. ಇಲ್ಲಿ ಕಾರ್ತಿ ಕೊಯ್ಲಿನ ಹೊತ್ತಿಗೂ ಗದ್ದೆಯಲ್ಲಿ ಪಸೆ, ತುಸು ದೂರಕ್ಕೊಂದು ಅಂಚು, ಸಂಜೆಯಾದರೆ ಘಟ್ಟದ ಕಡೆ ಗುಡುಗು. ಹಡಿಮಂಚಕ್ಕೆ ಬಡಿದ ಹುಲ್ಲು ಉದ್ದಕ್ಕೆ ಉಳಿಯುತ್ತಿತ್ತು, ಕುತ್ರಿ ಹಾಕಬಹುದಿತ್ತು. ಕಟಾವು ಯಂತ್ರ ಉಗುಳಿದ ಎಂಒ4 ಭತ್ತದ ಹುಲ್ಲೋ, ಜಜ್ಜಿ ಮುರಿದು ಬಿದ್ದಿರುತ್ತದೆ. ಹಸಿಯಾಗಿ ಸುತ್ತಿದರೆ ಒಳಗೆ ಬೂಷ್ಟು ಹಿಡಿದು ದನ ಮೂಸಿಯೂ ನೋಡದು. ಇಬ್ಬನಿ ಆರಿದ ಮೇಲೆ, ಮಳೆ ಬೀಳುವ ಮೊದಲು ಸಿಗುವ ನಾಲ್ಕು ಗಳಿಗೆಯಲ್ಲೇ ಕೆಲಸ ಮುಗಿಯಬೇಕು. ಆಗ ಬೇಲರ್ ಮುನಿಸಿಕೊಂಡು ನಿಂತರೆ ಆ ವರ್ಷದ ಹುಲ್ಲು ಗೊಬ್ಬರಕ್ಕೇ.

ಆದ್ದರಿಂದ ಯಜಮಾನರು ಶೆಡ್ಡಿನ ನೆರಳಲ್ಲಿ ಹುಲ್ಲಿಲ್ಲದೆ ಓಡಿಸಿ ತೋರಿಸಿದರೆ ನಾನು ಒಪ್ಪುವವನಲ್ಲ. ಖಾಲಿ ಹೊಟ್ಟೆಯಲ್ಲಿ ಎಲ್ಲ ಬೇಲರೂ ಸಾಧುವೇ.

ಜೊತೆಗೆ ಬರುವ ಭಾವನಿಗೆ ಹೊಸ ಬಣ್ಣ ಕಂಡರೇ ಗುಮಾನಿ. "ಹ್ವಾಯ್, ಬಣ್ಣದ್ ಅಡಿಗ್ ಎಂತ ಇತ್ತ್ ಕಾಣಿ" ಎನ್ನುತ್ತಾ ವೆಲ್ಡಿಂಗಿನ ಗಾಯ ಹುಡುಕುತ್ತಾನೆ. ಕಡಲ ಗಾಳಿಯ ಊರಿನಲ್ಲಿ ಮೂಲೆಗೆ ಅಂಟಿದ ಹಳೆ ಹುಲ್ಲಿನ ಕೆಳಗೇ ತುಕ್ಕು ಅಡಗಿರುತ್ತದೆ. ಆಮೇಲೆ, ಹೋರಿ ಕೊಳ್ಳುವಾಗಿನ ಹಾಗೆ, ಹಲ್ಲಿನ ಪರೀಕ್ಷೆ: ಹುಲ್ಲು ಬಾಚುವ ಸ್ಪ್ರಿಂಗ್ ಹಲ್ಲುಗಳಲ್ಲಿ ಎಷ್ಟು ಮುರಿದಿವೆ, ಎಷ್ಟು ಬಗ್ಗಿವೆ. ಬೆರಳಲ್ಲಿ ಎಳೆದರೆ ಚೈನು ಸ್ಪ್ರಾಕೆಟ್‌ನಿಂದ ಮೇಲೇಳುತ್ತದೆಯೇ? ಅವೆಲ್ಲ ದುಡ್ಡು ಕೊಟ್ಟರೆ ಸರಿಯಾಗುವಂಥವು. ನನ್ನ ಕಣ್ಣು ಮಾತ್ರ ಶಿಯರ್ ಬೋಲ್ಟಿನ ಮೇಲೆ. ಹುಲ್ಲು ಸಿಕ್ಕಿ ಬಿಗಿದಾಗ ತಾನು ತುಂಡಾಗಿ ಗೇರ್‌ಬಾಕ್ಸ್ ಉಳಿಸುವುದೇ ಆ ಬಡಪಾಯಿಯ ಉದ್ಯೋಗ. ಪದೇ ಪದೇ ತುಂಡಾಗುತ್ತದೆಂದು ಅಲ್ಲಿ ಗಟ್ಟಿ ಬೋಲ್ಟ್ ಬಿಗಿದವರ ಬೇಲರನ್ನು ಅರ್ಧ ದರಕ್ಕೆ ಕೊಟ್ಟರೂ ನನಗೆ ಬೇಡ.

ಇವಿಷ್ಟು ದಾಟಿದರೆ ಗದ್ದೆಗೆ. ಟ್ರ್ಯಾಕ್ಟರಿನ ಪಿಟಿಒ ನಿಮಿಷಕ್ಕೆ 540 ಸುತ್ತಿನ ವೇಗದಲ್ಲಿ ತಿರುಗಬೇಕು, ಕಟ್ಟು ಸುತ್ತಿ ಹೊರಬೀಳಬೇಕು. ನೂಲು ಹಿಡಿದು ಎತ್ತಿ ಕುಕ್ಕುತ್ತೇನೆ. ರೋಲರ್ ಜಾತಿಯದಾದರೆ ಕಟ್ಟಿನ ನಡುವೆ ಮೆತ್ತಗಿರುವುದು ಸಹಜ, ಸುತ್ತಲೂ ಬಿಗಿಯಿದ್ದರೆ ಸಾಕು. ಕೊನೆಗೆ ಒಂದೊಂದು ಬೇರಿಂಗಿನ ಹತ್ತಿರವೂ ಅಂಗೈ ಹಿಡಿದು, ಯಾವುದು ಉಳಿದವಕ್ಕಿಂತ ಹೆಚ್ಚು ಕಾದಿದೆ ಎಂದು ನೋಡುವುದು.

ಮೊನ್ನೆ ನೋಡಿದ್ದು ಎಲ್ಲದರಲ್ಲೂ ಪಾಸಾಯಿತು, ಅಂಚಿನ ಬದಿಯ ತುಸು ಪಸೆ ಹುಲ್ಲಿಗೆ ಮಾತ್ರ ಎರಡು ಸಲ ಕೆಮ್ಮಿತು. "ಸರೀ ಒಣಗಿದ್ದಾದರೆ ಏನೂ ತೊಂದರೆಯಿಲ್ಲ" ಎಂದರು ಯಜಮಾನರು.

"ನಮ್ಮೂರಗೆ ಅಷ್ಟ್ ಒಣ್ ಹುಲ್ ಎಲ್ಲಿತ್ತ್ ಮಾರಾಯ್ರೆ?" ಎಂದ ಭಾವ. ಅಲ್ಲಿಂದ ದರದ ಮಾತು ಶುರುವಾಯಿತು.