ಗೊಬ್ಬರ ಬೇಡದ ಗಿಡ

ಡ್ರಾಸೆರಾ ಗಿಡದ ಬೀಜವನ್ನು ಮೊದಲ ಸಲ ನೋಡುವವರು ಅದನ್ನು ಬೀಜವೆಂದು ಒಪ್ಪುವುದಿಲ್ಲ. ಸಾಸಿವೆ, ಗಸಗಸೆಗಳೆಲ್ಲ ಅದರ ಮುಂದೆ ಬೃಹದಾಕಾರದವು. ಒಣಗಿದ ಕಾಯಿಯನ್ನು ಬಿಳಿ ಕಾಗದದ ಮೇಲೆ ತಟ್ಟಿದರೆ ಪೆನ್ಸಿಲ್ಲಿನ ಮೊನೆ ಹೆರೆದಾಗ ಉದುರುವಂಥ ಕರಿ ಪುಡಿ ಬೀಳುತ್ತದೆ, ಅಷ್ಟೆ. ಆ ಹೊತ್ತಿಗೆ ಯಾರಾದರೂ ಸೀನಿದರೆ ಒಂದು ತೋಟವೇ ಹಾರಿಹೋದಂತೆ!

ಕೀಟಾಹಾರಿ ಸಸ್ಯಗಳ ಪಾಠದಲ್ಲಿ ಈ ಗಿಡದ ಚಿತ್ರವನ್ನು ನೀವು ನೋಡಿರಬಹುದು. ಅದರ ಜೊತೆಗೆ ಬರುವ ಹೂಜಿ ಗಿಡ ಮೇಘಾಲಯದ ಬೆಟ್ಟಗಳದ್ದು, ವೀನಸ್ ಫ್ಲೈಟ್ರಾಪ್ ಅಮೆರಿಕದ ಕೆರೊಲಿನಾ ಸೀಮೆಯದ್ದು. ಡ್ರಾಸೆರಾ ಮಾತ್ರ ನಮ್ಮ ನೆರೆಯಲ್ಲೇ ಇರುವಂಥದ್ದು. ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿ, ಮಳೆಗಾಲ ಕಳೆಯುತ್ತ ಬಂದಾಗ ನೀರು ಜಿನುಗುವ ಜಾಗ ಹುಡುಕಿ ಕುಕ್ಕರಗಾಲಲ್ಲಿ ಕುಳಿತು ನೋಡಿ. ನೆಲಕ್ಕೆ ಅಂಟಿಕೊಂಡ ಕೆಂಪು ನಾಣ್ಯಗಳಂತೆ ಕಾಣುವುದು ಡ್ರಾಸೆರಾ ಬರ್ಮನ್ನಿ. ಎಲೆಯ ತುಂಬ ಕೂದಲು, ಪ್ರತಿ ಕೂದಲ ತುದಿಯಲ್ಲೂ ಒಂದು ಅಂಟು ಹನಿ. ಬಿಸಿಲಿಗೂ ಆರದ ಈ ಇಬ್ಬನಿಯಿಂದಲೇ ಇಂಗ್ಲಿಷಿನಲ್ಲಿ ಇದಕ್ಕೆ 'ಸನ್‌ಡ್ಯೂ' ಎಂದು ಹೆಸರು.

ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಇದು ಹೇರಳವಾಗಿತ್ತು. 'ಇತ್ತು' ಎನ್ನಲು ಕಾರಣವಿದೆ. ಬಯಲಿನ ಅರ್ಧ ಭಾಗ ಕಲ್ಲುಕೋರೆಯಾಗಿದೆ. ಉಳಿದ ಅರ್ಧಕ್ಕೆ ನಾಲ್ಕು ಮೂಲೆಯಲ್ಲೂ ಗುರುತಿನ ಕಲ್ಲು ನೆಟ್ಟಿದ್ದಾರೆ. ಎರಡು ವರ್ಷದ ಹಿಂದೆ, ಒಂಬತ್ತನೇ ತರಗತಿಯಲ್ಲಿದ್ದ ಮಗಳು ಶಾಲೆಯಿಂದ ಬಂದವಳೇ, "ಅಪ್ಪ, ನಾಳೆ ಎಲ್ಲರೂ ಒಂದೊಂದು ಕೀಟಾಹಾರಿ ಗಿಡ ಕಿತ್ತು ತರಬೇಕಂತೆ, ಪುಸ್ತಕದಲ್ಲಿಟ್ಟು ಒಣಗಿಸಬೇಕಂತೆ" ಎಂದಳು. ತರಗತಿಯಲ್ಲಿ ನಲವತ್ತು ಮಕ್ಕಳು. ಉಳಿದಿದ್ದ ಒದ್ದೆ ಜಾಗ ನಮ್ಮ ಅಂಗಳದಷ್ಟೂ ಇರಲಿಲ್ಲ. ಮಗಳೇ ಲೆಕ್ಕ ಹಾಕಿದಳು. ನಾನು ಹೇಳಬೇಕಾಗಿ ಬರಲಿಲ್ಲ. ಕಾಯಿ ಒಣಗಿದ್ದ ಎರಡು ಹೂದಂಟುಗಳನ್ನು ಮಾತ್ರ ಕತ್ತರಿಸಿ, ಗಿಡಗಳನ್ನು ಅಲ್ಲೇ ಬಿಟ್ಟು ಬಂದೆವು. ಟೀಚರಿಗೆ ಅವಳೇ ವಿವರಿಸಿದಳು. ಅವರು ಒಳ್ಳೆಯವರು, "ಹಾಗಾದರೆ ಬೆಳೆಸಿ ತೋರಿಸು" ಎಂದರು.

ಬೆಳೆಸುವ ಕ್ರಮ ನಾವು ಬಲ್ಲ ಕೃಷಿಗೆಲ್ಲ ಉಲ್ಟಾ. ಬೀಜವನ್ನು ಮಣ್ಣಿನಲ್ಲಿ ಮುಚ್ಚಬಾರದು. ಮೊಳೆಯಲು ಅದಕ್ಕೆ ಬೆಳಕು ಬೇಕು. ಮಣ್ಣಿನಲ್ಲಿ ಸತ್ವ ಇರಬಾರದು. ನರ್ಸರಿಯಲ್ಲಿ ಸಿಗುವ ಪೀಟ್ ಮಾಸ್‌ಗೆ ನಾಲ್ಕಾರು ಸಲ ತೊಳೆದ ದಪ್ಪ ಮರಳು ಬೆರೆಸಿ, ತಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಲೋಟಗಳಿಗೆ ತುಂಬಿದೆವು. ಬೀಜ ಉದುರಿಸಿ, ಲೋಟಗಳನ್ನು ನೀರಿರುವ ತಟ್ಟೆಯಲ್ಲಿ ನಿಲ್ಲಿಸಿದೆವು. ಮೇಲಿಂದ ನೀರು ಹೊಯ್ದರೆ ಬೀಜ ಕೊಚ್ಚಿಹೋಗುತ್ತದೆ. ಬೋರ್‌ವೆಲ್ ನೀರು ಸಲ್ಲದು, ಅದರ ಲವಣಗಳನ್ನು ಈ ಗಿಡ ತಾಳುವುದಿಲ್ಲ. ಅಕ್ಟೋಬರಿನ ಕೊನೆಯ ಮಳೆಯಲ್ಲಿ ಕ್ಯಾನುಗಳಿಗೆ ಹಿಡಿದಿಟ್ಟ ನೀರು ಮಾರ್ಚಿಯವರೆಗೆ ಬಂತು. ಆಮೇಲೆ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದೆವು. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಬೆಳಕು ಚೆನ್ನಾಗಿ ಬೀಳುವ ಕಿಟಕಿಯಲ್ಲಿಟ್ಟರೆ ನಮ್ಮ ಕೆಲಸ ಮುಗಿಯಿತು. ಇನ್ನು ಕಾಯುವುದು.

ಮೂರು ವಾರ ಏನೂ ಇಲ್ಲ. ಪರೀಕ್ಷೆಯ ಫಲಿತಾಂಶಕ್ಕೂ ಅವಳು ಅಷ್ಟು ಚಡಪಡಿಸಿದ್ದನ್ನು ನಾನು ಕಂಡಿಲ್ಲ. ಕೊನೆಗೊಂದು ಬೆಳಿಗ್ಗೆ ಭೂತಗನ್ನಡಿಯಲ್ಲಿ ಹಸಿರು ಚುಕ್ಕೆಗಳು ಕಂಡವು. ಇನ್ನೆರಡು ವಾರಕ್ಕೆ, ಗುಂಡುಸೂಜಿಯ ತಲೆಯಷ್ಟಿದ್ದ ಸಸಿಯ ಎಲೆಯಲ್ಲೇ ಅಂಟು ಹನಿಗಳು! ಹುಟ್ಟಿದ ತಿಂಗಳೊಳಗೆ ಬೇಟೆಗೆ ಸಿದ್ಧ.

ನನ್ನ ಅಮ್ಮನಿಗೆ ಇದೊಂದೂ ಸರಿಬರಲಿಲ್ಲ. ಅವರ ಕೈಯಲ್ಲಿ ಒಣಕೋಲು ನೆಟ್ಟರೂ ಚಿಗುರುತ್ತದೆಂದು ಊರಿನಲ್ಲಿ ಮಾತಿದೆ. "ಹೀಗೆ ಉಪವಾಸ ಕೆಡವಿದರೆ ಯಾವ ಗಿಡ ಬರ್ತದೆ ಮಾರಾಯ?" ಎಂದು ಮೂರು ದಿನ ಗೊಣಗಿ, ನಾಲ್ಕನೆಯ ದಿನ ಒಂದು ಲೋಟಕ್ಕೆ ಸೆಗಣಿ ನೀರು ಬಿಟ್ಟರು. ವಾರದೊಳಗೆ ಆ ಲೋಟದ ಸಸಿಗಳೆಲ್ಲ ಕಪ್ಪಾಗಿ ಸತ್ತವು. ಮಗಳು ಅತ್ತಳು. ಅಮ್ಮ ಏನೂ ಹೇಳಲಿಲ್ಲ, ಆದರೆ ಮರುದಿನದಿಂದ ತಟ್ಟೆಗೆ ಮಳೆನೀರು ತುಂಬುವ ಕೆಲಸವನ್ನು ತಾವೇ ವಹಿಸಿಕೊಂಡರು.

ಈ ಗಿಡದ ಬಡತನವೇ ಅದರ ಕಸುಬಿಗೆ ಕಾರಣ. ಮುರಕಲ್ಲಿನ ಮೇಲಿನ ಮಣ್ಣಿನಲ್ಲಿ ಸಾರಜನಕವೂ ರಂಜಕವೂ ತೀರ ಕಡಿಮೆ. ಅವನ್ನು ಅದು ಹುಳುಗಳಿಂದ ಸಂಪಾದಿಸುತ್ತದೆ. ಅನ್ನವನ್ನು ಮಾತ್ರ ಉಳಿದ ಗಿಡಗಳಂತೆ ಬಿಸಿಲಿನಲ್ಲೇ ಬೇಯಿಸಿಕೊಳ್ಳುತ್ತದೆ. ಇದನ್ನೆಲ್ಲ ಕೂಲಂಕಷವಾಗಿ ನೋಡಿದವನು ಚಾರ್ಲ್ಸ್ ಡಾರ್ವಿನ್. 1860ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸಿನ ಬಯಲೊಂದರಲ್ಲಿ ಅಲ್ಲಿಯ ಡ್ರಾಸೆರಾ ಗಿಡದ ಎಲೆಗಳಿಗೆ ಅಂಟಿದ್ದ ಹುಳುಗಳನ್ನು ಕಂಡು ಬೆರಗಾದ ಆತ, ಪುಸ್ತಕ ಬರೆದು ಪ್ರಕಟಿಸಿದ್ದು 1875ರಲ್ಲಿ. ಮಾಂಸದ ಚೂರು, ಮೊಟ್ಟೆಯ ಬಿಳಿ, ಹಾಲು ಎಲ್ಲವನ್ನೂ ಎಲೆಗೆ ತಿನ್ನಿಸಿ ನೋಡಿದ. ನವಿರಾದ ಕೂದಲಿನ ತುಣುಕಿಗೂ ಬಾಗುವ ಎಲೆಯ ಕೂದಲು ಮೇಲೆ ಬೀಳುವ ಮಳೆಹನಿಗೆ ಅಲುಗುವುದಿಲ್ಲ ಎಂಬುದನ್ನೂ ಕಂಡ. ಮಾಂಸ ತಿಂದ ಗಿಡಗಳು ಹೆಚ್ಚು ಬೀಜ ಕೊಡುತ್ತವೆಂದು 1878ರಲ್ಲಿ ತೋರಿಸಿದವನು ಅವನ ಮಗ ಫ್ರಾನ್ಸಿಸ್. ಅಪ್ಪ-ಮಕ್ಕಳು ಕೂಡಿ ಮಾಡಬಹುದಾದ ಕೆಲಸವಿದು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ನಮ್ಮ ಮನೆಯಲ್ಲಿ ಮಾಂಸ ತಿನ್ನಿಸಲಿಲ್ಲ. ಅಕ್ವೇರಿಯಂ ಮೀನಿನ ಒಣ ಆಹಾರವನ್ನು ಪುಡಿಮಾಡಿ ಕಡ್ಡಿಯ ತುದಿಯಲ್ಲಿ ಚಿಟಿಕೆಗಿಂತ ಕಡಿಮೆ ಇಟ್ಟರೆ ಸಾಕಾಗುತ್ತಿತ್ತು. ಬರ್ಮನ್ನಿಯ ಅಂಚಿನ ಉದ್ದ ಕೂದಲುಗಳು ಬಲು ಚುರುಕು, ಹುಳು ತಾಗಿದ ಕೆಲವೇ ಸೆಕೆಂಡುಗಳಲ್ಲಿ ಒಳಕ್ಕೆ ಮಡಚುತ್ತವೆ. ಇದನ್ನು ನೋಡಲು ಬಂದ ಮಕ್ಕಳಿಂದ ನಮ್ಮ ಕಿಟಕಿ ಸಂಜೆಯ ಹೊತ್ತು ಟೆಂಟ್ ಸಿನಿಮಾದಂತಾಗಿತ್ತು.

ಜೂನಿನಲ್ಲಿ ಬಿಳಿ ಹೂ ಬಂತು, ಆಗಸ್ಟಿನಲ್ಲಿ ಬೀಜ. ತರಗತಿಯ ಹನ್ನೊಂದು ಮಕ್ಕಳು ಪುಟ್ಟ ಪೊಟ್ಟಣಗಳನ್ನು ಒಯ್ದರು. ಕೆಲವರ ಮನೆಯಲ್ಲಿ ಮೊಳೆತಿದೆ. ಬಯಲಿನ ಗುರುತಿನ ಕಲ್ಲುಗಳ ನಡುವೆ ಈಗ ತಂತಿಬೇಲಿ ಬಂದಿದೆ. "ಇವು ಅಲ್ಲಿಯವೇ ಅಲ್ವಾ ಅಪ್ಪ, ಮತ್ತೆಲ್ಲಿ ಹಾಕುವುದು?" ಎಂದು ಕೇಳುವ ಮಗಳಿಗೆ ನಾನಿನ್ನೂ ಉತ್ತರ ಹುಡುಕುತ್ತಿದ್ದೇನೆ. ಉಳಿದ ಬೀಜವನ್ನು ಅವಳು ಕಾಗದದಲ್ಲಿ ಮಡಚಿ, ಮೇಲೆ ತಾರೀಖು ಬರೆದು, ಫ್ರಿಜ್‌ನಲ್ಲಿ ಅಜ್ಜಿಯ ಔಷಧಿ ಡಬ್ಬಿಯ ಪಕ್ಕ ಇಟ್ಟಿದ್ದಾಳೆ.