ಎರಡು ಗೋಳಾರ್ಧ, ಒಂದೇ ಪಟ್ಟೆ

ಆಗಸ್ಟ್ ತಿಂಗಳ ರಾತ್ರಿ, ಡಾರ್ವಿನ್. ಆಸ್ಟ್ರೇಲಿಯಾದ ಉತ್ತರ ತುದಿಯ ಈ ಊರಿಗೆ ಇದು ಒಣಹವೆಯ ಕಾಲ. ಮೋಡವಿಲ್ಲ, ಚಂದ್ರನೂ ಇಲ್ಲ. ತಲೆಯೆತ್ತಿದರೆ ನಕ್ಷತ್ರಗಳ ನಡುವೆ ಕಾಣುವುದು ಬರೀ ಕಪ್ಪು. ಆದರೆ ಆ ಕಪ್ಪಿನೊಳಗೆ, ಸುಮಾರು 250 ಕಿಲೋಮೀಟರ್ ಎತ್ತರದಲ್ಲಿ, ಆಮ್ಲಜನಕದ ಪರಮಾಣುಗಳು ಕೆಂಪು ಬೆಳಕು ಸೂಸುತ್ತಿವೆ. ಕಣ್ಣಿಗೆ ಎಟುಕದಷ್ಟು ಮಂದ ಬೆಳಕು.

ಕ್ಯಾಮೆರಾಕ್ಕೆ ಅದು ಸಿಗುತ್ತದೆ. ಪಾರದರ್ಶಕ ಗುಮ್ಮಟದಡಿ ಇಡೀ ಆಕಾಶವನ್ನು ಒಂದೇ ವೃತ್ತಕ್ಕೆ ಇಳಿಸುವ ಮಸೂರ, 630 ನ್ಯಾನೋಮೀಟರಿನ ಬೆಳಕನ್ನಷ್ಟೇ ಒಳಬಿಡುವ ಫಿಲ್ಟರ್, ತಣ್ಣಗಾಗಿಸಿದ ಸಿಸಿಡಿ ಸಂವೇದಕ. ಶಟರ್ ತೆರೆದರೆ ಮುಚ್ಚುವುದಕ್ಕೆ ನಿಮಿಷವೇ ಮೀರಬೇಕು. ಬಂದ ಚಿತ್ರದಿಂದ ಆ ಹೊತ್ತಿನ ಸರಾಸರಿ ಬೆಳಕನ್ನು ಕಳೆದು ನೋಡಿ: ನೈಋತ್ಯದಿಂದ ಈಶಾನ್ಯಕ್ಕೆ ಓರೆಯಾಗಿ ಚಾಚಿದ ಪಟ್ಟೆಗಳು, ಸಾಲುಸಾಲಾಗಿ ವಾಯವ್ಯದತ್ತ ಸರಿಯುತ್ತಿವೆ. ಒಂದರಿಂದ ಇನ್ನೊಂದಕ್ಕೆ ನೂರಾರು ಕಿಲೋಮೀಟರ್. ಕಪ್ಪಾದ ಕಡೆ ಪ್ಲಾಸ್ಮಾ, ಅಂದರೆ ಆ ಎತ್ತರದ ವಿದ್ಯುದಾವಿಷ್ಟ ಅನಿಲ, ಮೇಲಕ್ಕೇರಿದೆ. ಅಲ್ಲಿ ಆಮ್ಲಜನಕದ ಅಣುಗಳು ವಿರಳ, ಹಾಗಾಗಿ ಬೆಳಕು ಹುಟ್ಟಿಸುವ ಕ್ರಿಯೆಯೂ ಕಡಿಮೆ. ಬೆಳ್ಳಗಾದ ಕಡೆ ಅದು ಕೆಳಗಿಳಿದಿದೆ.

ಈಗ ಹೆಚ್ಚುಕಡಿಮೆ ಇದೇ ರೇಖಾಂಶ ಹಿಡಿದು 4,800 ಕಿಲೋಮೀಟರ್ ಉತ್ತರಕ್ಕೆ, ಜಪಾನಿನ ಕ್ಯೂಶೂ ದ್ವೀಪದ ದಕ್ಷಿಣ ತುದಿಯ ಸಾತಾಕ್ಕೆ ಬನ್ನಿ. ಗಡಿಯಾರದಲ್ಲಿ ಅರ್ಧ ಗಂಟೆಯ ವ್ಯತ್ಯಾಸ ಅಷ್ಟೆ, ಋತು ಮಾತ್ರ ಬೇರೆ. ಇಲ್ಲೂ ಅಂಥದೇ ಕ್ಯಾಮೆರಾ, ಅದೇ ಗಳಿಗೆಯ ಚಿತ್ರ. ಪಟ್ಟೆಗಳು ಇಲ್ಲೂ ಇವೆ! ಓರೆ ಮಾತ್ರ ತಿರುವುಮುರುವು: ವಾಯವ್ಯದಿಂದ ಆಗ್ನೇಯಕ್ಕೆ ಚಾಚಿ, ನೈಋತ್ಯದತ್ತ ಸರಿಯುತ್ತಿವೆ. ಡಾರ್ವಿನ್ನಿನ ಚಿತ್ರಕ್ಕೆ ಕನ್ನಡಿ ಹಿಡಿದ ಹಾಗೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆಳಗಿನ ವಾತಾವರಣದಿಂದ ಎದ್ದ ಗಾಳಿಯಲೆಗಳಷ್ಟೇ ಈ ಪಟ್ಟೆಗಳನ್ನು ಎಳೆದಿದ್ದರೆ, ಬೇಸಿಗೆಯ ಜಪಾನಿಗೂ ಚಳಿಗಾಲದ ಆಸ್ಟ್ರೇಲಿಯಾಕ್ಕೂ ಈ ಪಾಟಿ ಹೊಂದಿಕೆ ಎಲ್ಲಿಂದ ಬರಬೇಕು? ಗಾಳಿಯಿಂದಾಗದ್ದು ವಿದ್ಯುತ್ ಕ್ಷೇತ್ರದಿಂದ ಆಗುತ್ತದೆ. ಸಾತಾದ ಮೇಲಿಂದ ಹೊರಟ ಭೂಕಾಂತದ ಬಲರೇಖೆ, ಸಮಭಾಜಕದ ಮೇಲೆ ಸಾವಿರ ಕಿಲೋಮೀಟರಿಗೂ ಎತ್ತರಕ್ಕೆ ಕಮಾನುಗಟ್ಟಿ, ಡಾರ್ವಿನ್ ಕಡೆಗೆ ಇಳಿಯುತ್ತದೆ. ಆ ರೇಖೆಯುದ್ದಕ್ಕೂ ಎಲೆಕ್ಟ್ರಾನುಗಳು ಸಲೀಸಾಗಿ ಓಡಾಡುತ್ತವೆ. ಒಂದು ತುದಿಯಲ್ಲಿ ಹುಟ್ಟಿದ ವಿದ್ಯುತ್ ಕ್ಷೇತ್ರ ಇನ್ನೊಂದು ತುದಿಯ ಪ್ಲಾಸ್ಮಾವನ್ನೂ ಏರಿಸುತ್ತದೆ, ಇಳಿಸುತ್ತದೆ. ಭೂಮಿಯ ಈ ಎರಡು ಆಕಾಶಗಳಿಗೆ ಇಷ್ಟು ಹತ್ತಿರದ ನಂಟಿದೆ ಎಂಬುದು ನನಗೆ ಇಂದಿಗೂ ಮೈನವಿರೇಳಿಸುವ ಸಂಗತಿ.

ನಾಗೋಯಾ ವಿಶ್ವವಿದ್ಯಾಲಯದ ಯೂಯಿಚಿ ಒತ್ಸುಕಾ ಮತ್ತು ಸಂಗಡಿಗರು ಈ ಜೋಡಿ ಚಿತ್ರಗಳನ್ನು 2004ರಲ್ಲಿ ಪ್ರಕಟಿಸಿದರು. ಮಧ್ಯ ಅಕ್ಷಾಂಶದ ಇಂಥ ಪಟ್ಟೆಗಳನ್ನು ಎರಡೂ ಗೋಳಾರ್ಧಗಳಲ್ಲಿ ಏಕಕಾಲಕ್ಕೆ ಸೆರೆಹಿಡಿದದ್ದು ಅದೇ ಮೊದಲು. ಕ್ಯಾಮೆರಾ ಒಂದೇ ಇದ್ದಿದ್ದರೆ ಈ ನಂಟು ನಮ್ಮ ಗಮನಕ್ಕೇ ಬರುತ್ತಿರಲಿಲ್ಲ.